ಆಡು ತಿಕ್ಕಿದ ಕಂಬ

ಉಸುಕು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಳೆದಂಡೆಯಲ್ಲಿ ಕಾಲು ಚಾಚಿ ಕೂತು ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ, ಇವರ ಕೈಗೊಂದು ಸಲಿಕೆ ಕೊಟ್ಟು ಮೂರಡಿ ಗುಂಡಿ ತೋಡಿ ಅನ್ನಬೇಕು ಅನ್ನಿಸುತ್ತದೆ. ಒಂದು ಪುಟ್ಟಿ ಹೊರಗೆ ಹಾಕಿದರೆ ಎರಡು ಪುಟ್ಟಿ ಒಳಗೆ ಜಾರುತ್ತದೆ. ತೋಡುವವನ ಮುಖ ನೋಡಿ ನಕ್ಕ ಹಾಗೆ ಜಾರುತ್ತದೆ.

ಹೋದ ತಿಂಗಳು ರಾಯಚೂರಿನ ನಮ್ಮ ಅಂಗಡಿಯಿಂದ ಒಂದು ಕಾಗದ ಬಂತು. ದೇವದುರ್ಗ ತಾಲ್ಲೂಕಿನ ಒಂದು ಶಾಲೆಯಲ್ಲಿ ಹನ್ನೆರಡು ವರ್ಷದ ಹಿಂದೆ ನಾನು ನಿಲ್ಲಿಸಿದ ಡಿಶ್ ಬಿಚ್ಚಿ, ಕಂಬ ಕಿತ್ತು ತರಬೇಕಂತೆ. ಶಾಲೆಗೆ ಈಗ ತಂತಿಯಲ್ಲೇ ಇಂಟರ್ನೆಟ್ ಬಂದಿದೆ, ಆಕಾಶ ನೋಡುತ್ತ ನಿಲ್ಲುವ ಡಿಶ್ ಯಾರಿಗೂ ಬೇಡ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೂ ನನಗೂ ಇವತ್ತಿಗೂ ಅಷ್ಟಕ್ಕಷ್ಟೇ. ಬೇರೆ ಯಾರನ್ನಾದರೂ ಕಳಿಸಿ ಅನ್ನಬಹುದಿತ್ತು, ಅನ್ನಲಿಲ್ಲ. ಮಾನ್ವಿಯಿಂದ ಗಾಡಿ ಹತ್ತಿ ಹೊರಟೆ. ಶಾಲೆಯ ಬಯಲಿಗೆ ಕಾಲಿಡುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಹಸಿ ಉಸುಕು, ಆಡಿನ ಹಿಕ್ಕೆ, ಬಿಸಿಲಿಗೆ ಒಣಗಿದ ಜಾಲಿ ಮುಳ್ಳು. ಆ ಬೇಸಿಗೆ ಪೂರ್ತಿ ವಾಪಸ್ಸು ಬಂದು ಎದೆಯ ಮೇಲೆ ಕೂತಿತು.

ನಾನು ಖಾಸಿಂ, ಮಾನ್ವಿ ಬಜಾರಿನವನು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಯಾಪಲದಿನ್ನಿ ಕಡೆ ಕೆಲಸಕ್ಕೆ ಹೋದರೆ ಬೈಸಿಕೊಳ್ಳುವಷ್ಟು ತೆಲುಗು. ಆಗ ರಾಯಚೂರಿನ ಒಬ್ಬ ಮಾಲಕರ ಕೈಕೆಳಗೆ ಡಿಶ್ ಕೂಡಿಸುವ ಕೆಲಸದಲ್ಲಿದ್ದೆ. ಕೆಲಸದ ವಿಷಯದಲ್ಲಿ ನನಗೆ ಸೊಕ್ಕಿತ್ತು, ಯಾಕೆ ಸುಳ್ಳು ಹೇಳಲಿ. ಕಲ್ಲೂರಿನಿಂದ ಮಾನ್ವಿಯವರೆಗೆ ನಾನು ನಿಲ್ಲಿಸಿದ ಒಂದು ಕಂಬವೂ ಕೂದಲೆಳೆಯಷ್ಟು ವಾಲಿರಲಿಲ್ಲ. ವಾಲಿದರೆ ಡಿಶ್ಶಿನ ಕತೆ ಅಲ್ಲಿಗೆ ಮುಗಿಯಿತು. ಅದು ಆಕಾಶದ ಒಂದೇ ಜಾಗಕ್ಕೆ ಮುಖ ಮಾಡಿ ನಿಂತಿರಬೇಕು. ಕಂಬ ಎರಡು ಬೆರಳು ಸರಿದರೂ ಟಿವಿಯಲ್ಲಿ ಬರೀ ಕಪ್ಪು.

ಆ ಸೊಕ್ಕು ನಿಜವಾಗಿ ನನ್ನದಲ್ಲ, ನಮ್ಮ ಎರೆಮಣ್ಣಿನದು ಅಂತ ತಿಳಿಯಲು ನನಗೆ ಒಂದು ಬೇಸಿಗೆ ಬೇಕಾಯಿತು. ನಮ್ಮ ಕಡೆಯ ಪದ್ಧತಿ ಇಷ್ಟೇ. ಸಣ್ಣ ಬಾಯಿಯ, ಆಳದ ಗುಂಡಿ. ನಡುವೆ ಕಂಬ. ತೋಡಿದ ಮಣ್ಣನ್ನೇ ಮರಳಿ ತುಂಬಿ ಹಾರೆಯಿಂದ ಜಡಿಯುವುದು, ಮೇಲೊಂದು ಕೊಡ ನೀರು. ಕಾಲುವೆ ನೀರಿನ ತೇವದಲ್ಲಿ ನಮ್ಮ ಗದ್ದೆಸೀಮೆಯ ಎರೆ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ, ಕಂಬವನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದುಕೊಂಡಿರುತ್ತದೆ. ಅಷ್ಟು ಒಳ್ಳೆಯ ಮಣ್ಣಿನಲ್ಲಿ ಎಂಥ ದಡ್ಡನೂ ಕಂಬ ನಿಲ್ಲಿಸಬಲ್ಲ. ನನಗೆ ಅದು ಗೊತ್ತಿರಲಿಲ್ಲ.

ಆ ವರ್ಷ ಮಾಲಕರ ಜೊತೆ ಜಗಳವಾಯಿತು. ಪೈಪು ತೆಳ್ಳಗಿವೆ ಅಂತ ಗಿರಾಕಿಗಳ ಮುಂದೆಯೇ ಅಂದುಬಿಟ್ಟಿದ್ದೆ. ಸಂಜೆ ಕರೆಸಿದರು. ಅವರು ಕೂಗಾಡುವ ಮನುಷ್ಯನಲ್ಲ, ನಗುತ್ತಲೇ ಚುಚ್ಚುವವರು.

"ಬಾಳ ಶಾಣ್ಯಾ ಆಗೀಯಲ್ಲ ಖಾಸಿಂ. ಹೋಗು, ಇನ್ನ ದೇವದುರ್ಗ ಕಡೆ ನೋಡ್ಕೊ. ಹೊಳಿ ದಂಡಿ ಸಾಲಿಗೆ ದೊಡ್ಡ ಡಿಶ್ ಕೂಡಿಸೋದದ. ಸೂಟಿ ಮುಗದು ಸಾಲಿ ಶುರು ಆಗೂ ದಿನ ಟಿವ್ಯಾಗ ಪಾಠ ಬರಬೇಕು. ಬರಲಿಲ್ಲಂದ್ರ ತಿರುಗಿ ನನ್ನ ಅಂಗಡಿ ಮೆಟ್ಟಲ ಹತ್ತಬ್ಯಾಡ."

ಆ ಶಾಲೆಯಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಮಾಸ್ತರರೇ ಇರಲಿಲ್ಲ. ಉಪಗ್ರಹದಿಂದ ಬರುವ ಪಾಠವನ್ನೇ ಮಕ್ಕಳು ನೋಡಿ ಕಲಿಯಬೇಕಿತ್ತು. ನನಗೆ ಅದೇನೂ ಮುಖ್ಯವಾಗಿರಲಿಲ್ಲ. ನನ್ನ ಕೆಲಸ ಉಳಿಯಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಹೆಸರು ಉಳಿಯಬೇಕಿತ್ತು.

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದೆ. ತಗಡಿನ ಮಾಡು, ಮಧ್ಯಾಹ್ನ ಒಳಗೆ ಕೂತರೆ ತಲೆಯೇ ಕಾಯಿಸಿದ ಹಂಚು. ಅಲ್ಲಿಂದ ದಿನಾ ಮೋಟರ್ ಸೈಕಲ್ಲಿನಲ್ಲಿ ಹೊಳೆದಂಡೆಯ ಆ ಊರಿಗೆ. ಊರು ದೂರದಿಂದ ನೋಡಲು ಚೆಂದವೇ. ಹತ್ತಿರ ಹೋದರೆ ಎಲ್ಲೆಲ್ಲೂ ಉಸುಕು. ಓಣಿಯಲ್ಲಿ ಉಸುಕು, ಚಹಾದ ಲೋಟದಲ್ಲಿ ಉಸುಕು, ರೊಟ್ಟಿ ಕಚ್ಚಿದರೆ ಹಲ್ಲಿನಲ್ಲಿ ಕರಕರ. ಶಾಲೆಯ ಮಾಡು ತುಕ್ಕು ತಿಂದ ತಗಡು, ಅದರ ಮೇಲೆ ಆಳೆತ್ತರದ ಡಿಶ್ ಕೂಡಿಸಿದರೆ ಎರಡೂ ಸೇರಿ ಮಕ್ಕಳ ತಲೆಯ ಮೇಲೆ ಬರುತ್ತವೆ. ಹೆಡ್ ಮಾಸ್ತರು ಬಯಲಿನ ನಡುವೆ ಬೆರಳು ತೋರಿಸಿ, "ಅಲ್ಲೇ ನೆಲದಾಗ ಹಾಕ್ರಿ" ಅಂದರು.

ಗುಂಡಿ ಅರ್ಧವೂ ಆಗಿರಲಿಲ್ಲ, ಹಿಂದಿನಿಂದ ಒಂದು ಧ್ವನಿ ಬಂತು.

"ಯಾರಪ್ಪೋ ನೀ, ನಮ್ಮ ಆಡಿನ ದಾರ್ಯಾಗ ಕುಣಿ ತೋಡಾಕತ್ತೀದಿ? ಯಾರ ಹೆಣ ಹುಗೀಬೇಕಂತ ಮಾಡಿ?"

ತಿರುಗಿ ನೋಡಿದೆ. ಅರವತ್ತರ ಆಸುಪಾಸಿನ ಹೆಂಗಸು, ಹಣೆ ತುಂಬ ಭಂಡಾರ, ಕೈಯಲ್ಲಿ ಉದ್ದನೆಯ ಕೋಲು, ಸುತ್ತ ಇಪ್ಪತ್ತು ಇಪ್ಪತ್ತೈದು ಆಡು. ಅವಳೇ ಮಾಳವ್ವ. ಶಾಲೆಯ ಗೋಡೆಗೆ ಹತ್ತಿಕೊಂಡೇ ಅವಳ ಗುಡಿಸಲು. ಗಂಡ ಸತ್ತ ಮೇಲೆ ಕುರಿ ಮಾರಿ ಆಡು ಕಟ್ಟಿದ್ದಳು. ದಿನಾ ಬೆಳಿಗ್ಗೆ, ಸಂಜೆ ಆ ಬಯಲು ದಾಟಿಯೇ ಆಡುಗಳನ್ನು ಹೊಳೆಗೆ ನೀರಿಗೆ ಹೊಡೆಯುತ್ತಿದ್ದಳು.

"ಮಾನ್ವಿ ಖಾಸಿಂ ಯವ್ವಾ, ಡಿಶ್ ಕಂಬ ಹಾಕಾಕತ್ತೀನಿ. ನಿನ್ನ ಆಡು ದೂರ ಹೊಡಕೋ" ಅಂದೆ.

"ಈ ಉಸುಕಿನ್ಯಾಗ? ಇಷ್ಟೀಟು ಕುಣ್ಯಾಗ?" ಕೋಲಿನಿಂದ ಗುಂಡಿಯ ಅಂಚು ತಿವಿದಳು. ಅಂಚು ಸರ್ರನೆ ಒಳಗೆ ಬಿತ್ತು. "ಇದೇನು ನಿಮ್ಮ ಮಾನ್ವಿ ಎರಿ ಅಂತ ತಿಳದೀಯೇನೋ ಸಾಬಣ್ಣ? ನಾಕು ದಿನ ನಿಂದ್ರಲಿ, ನೋಡೂಣು."

"ಆಡು ಕಾಯೋರು ಆಡು ಕಾಯ್ರಿ. ನಮ್ಮ ಕೆಲಸ ನಮಗ ಗೊತ್ತದ."

ಅವಳು ಥೂ ಅಂತ ಉಗುಳಿ ಹೋದಳು. ನನ್ನ ಮೇಲೆ ಅಲ್ಲ, ಗುಂಡಿಯ ಪಕ್ಕಕ್ಕೆ. ಆದರೂ ನನಗೆ ಬಿದ್ದ ಹಾಗೆಯೇ ಆಯಿತು.

ಕಂಬ ನಿಂತಿತು, ಡಿಶ್ ಏರಿತು, ಟಿವಿಯಲ್ಲಿ ಯಾರೋ ಒಬ್ಬರು ತ್ರಿಕೋನ ಬರೆಯುವುದೂ ಕಾಣಿಸಿತು. ಹೆಡ್ ಮಾಸ್ತರು ನನಗೆ ಸೋಡಾ ಕುಡಿಸಿದರು. ಮೂರನೆಯ ದಿನ ಮಧ್ಯಾಹ್ನ ಒಂದು ಬಿಸಿಗಾಳಿ ಬೀಸಿತು, ಅಷ್ಟೇ. ಸಂಜೆ ಹೋಗಿ ನೋಡಿದರೆ ಡಿಶ್ ಮುಖ ಕೆಳಗೆ ಹಾಕಿಕೊಂಡು, ತಪ್ಪು ಮಾಡಿದ ಸೊಸೆಯ ಹಾಗೆ ನಿಂತಿತ್ತು. ಮಾಳವ್ವ ತನ್ನ ಬಾಗಿಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಸರಿ, ಸಿಮೆಂಟು ಹಾಕೋಣ ಅಂತ ತೀರ್ಮಾನಿಸಿದೆ. ಅದೇ ಗುಂಡಿಗೆ ಜಲ್ಲಿಕಲ್ಲಿನ ಖಡಿ, ಸಿಮೆಂಟು ಕಲಸಿ ಸುರಿದೆ. ಒಣ ಉಸುಕು ಎಂಥ ಬಾಯಾರಿದ ಪ್ರಾಣಿ ಅಂತ ನನಗೆ ಗೊತ್ತಿರಲಿಲ್ಲ. ಸಿಮೆಂಟಿನಲ್ಲಿದ್ದ ನೀರನ್ನೆಲ್ಲ ಅದು ಸುತ್ತಲಿಂದ ಹೀರಿಕೊಂಡಿತು. ಗಟ್ಟಿಯಾಗಲು ನೀರೇ ಉಳಿಯಲಿಲ್ಲ. ಐದು ದಿನ ಬಿಟ್ಟು ಡಿಶ್ ಏರಿಸಿದೆ, ಆರನೆಯ ದಿನ ಕಂಬ ಮತ್ತೆ ವಾಲಿತು. ಬುಡದ ಉಸುಕು ಕೈಯಿಂದ ಸರಿಸಿ ನೋಡಿದೆ. ಸಿಮೆಂಟಿನ ಅಂಚು ಹಿಡಿದು ಒತ್ತಿದರೆ ಹಳೆಯ ಬೆಲ್ಲದ ಹಾಗೆ ಪುಡಿಯಾಯಿತು. ತಪ್ಪು ಪೂರ್ತಿ ನನ್ನದು ಅಂತ ಆ ಕ್ಷಣವೇ ಗೊತ್ತಾಯಿತು.

ಆಗಲೇ ಹೆಡ್ ಮಾಸ್ತರು, ಶಾಲಾ ಸಮಿತಿಯ ಅಧ್ಯಕ್ಷ ಬಸನಗೌಡ, ಇನ್ನೂ ನಾಲ್ಕು ಮಂದಿ ಬಂದು ಸುತ್ತ ನಿಂತರು. ಕಾಲಿನಿಂದ ಉಸುಕು ಎಳೆದು ಆ ಪುಡಿಯನ್ನು ಮುಚ್ಚಿದೆ. ಕಂಬದ ಸುತ್ತ ಆಡಿನ ಗೊರಸಿನ ಗುರುತು ಬೇಕಾದಷ್ಟಿದ್ದವು, ಹಿಕ್ಕೆ ಬಿದ್ದಿದ್ದವು. ಸಾಲದ್ದಕ್ಕೆ ಮಾಳವ್ವನ ಒಂದು ಆಡು ಎಲ್ಲರ ಕಣ್ಣೆದುರೇ ಬಂದು ಕಂಬಕ್ಕೆ ಮೈ ಹಚ್ಚಿ ತಿಕ್ಕತೊಡಗಿತು. ಬಿಳಿ ಮೈ ಮೇಲೆ ಕಪ್ಪು ಚುಕ್ಕೆಗಳಿದ್ದ, ಹೊಟ್ಟೆ ಭಾರವಾಗಿದ್ದ ಆಡು. ಮಾಳವ್ವ ಅದನ್ನು ಚುಕ್ಕಿ ಅಂತ ಕರೆಯುತ್ತಿದ್ದಳು. ಗಬ್ಬವಾಗಿತ್ತು.

"ಏನಾತ್ರೀ ಇದು? ಯಾಕ ವಾಲ್ತು?" ಬಸನಗೌಡ ಕೇಳಿದ.

"ನೋಡ್ರಲ್ಲ ಗೌಡ್ರ, ನೀವ ನೋಡಾಕತ್ತೀರಿ. ಹಗಲೆಲ್ಲ ಆಡು ಹಿಂಗ ತಿಕ್ಕಿದ್ರ ಯಾವ ಕಂಬ ನಿಂದರ್ತದ?"

ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂತು ಅಂದರೆ, ಮೊದಲೇ ಒಳಗೆ ತಯಾರಾಗಿ ಕೂತಿತ್ತೋ ಏನೋ. ಮಾಲಕರಿಗೆ ಕಳಿಸುವ ಕಾಗದದಲ್ಲಿ 'ವಾಲಲು ಕಾರಣ' ಎಂಬಲ್ಲಿ 'ಆಡುಗಳ ಹಾವಳಿ' ಅಂತ ಬರೆದೆ. ಹೆಡ್ ಮಾಸ್ತರು ಕೆಳಗೆ ರುಜು ಹಾಕಿದರು. ಆ ಅಕ್ಷರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಕೈಬರಹ ಯಾವತ್ತೂ ಅಷ್ಟು ದುಂಡಗಿರಲಿಲ್ಲ.

ಮರುದಿನವೇ ಬಸನಗೌಡ ಆಳು ಹಚ್ಚಿ ಬಯಲಿಗೆಲ್ಲ ಜಾಲಿ ಮುಳ್ಳಿನ ಬೇಲಿ ಹಾಕಿಸಿದ. ಮಾಳವ್ವ ಬಂದು ನಿಂತು ಕೂಗಾಡಿದಳು. ನನ್ನನ್ನು ಬೈದಳು, ನನ್ನ ಡಿಶ್ ಬೈದಳು, ಟಿವಿಯೊಳಗಿನ ಮಾಸ್ತರನನ್ನೂ ಬಿಡಲಿಲ್ಲ.

"ಲೇ ಸಾಬಣ್ಣ, ನಿನ್ನ ಡಿಶ್ ಬುಟ್ಟಿ ನಿನ್ನ ತಪ್ಪಿಗೆ ಬಿತ್ತು. ನನ್ನ ಆಡಿನ ಮ್ಯಾಲ ಯಾಕ ಹಾಕ್ತಿ? ಹೇಳು ಇವ್ರ ಮುಂದ, ನಿನ್ನ ಮಕ್ಕಳ ಆಣಿ ಮಾಡಿ ಹೇಳು!"

ಮಕ್ಕಳ ಹೆಸರು ತೆಗೆದದ್ದಕ್ಕೆ ನನಗೆ ಪಿತ್ತ ನೆತ್ತಿಗೇರಿತು. ಆ ಸಿಟ್ಟು ನನಗೆ ಅನುಕೂಲವೇ ಆಯಿತು. ಸಿಟ್ಟು ಬಂದಾಗ ಮನುಷ್ಯನಿಗೆ ತಾನೇ ಸರಿ ಅನ್ನಿಸಿಬಿಡುತ್ತದೆ. "ಆಕಿ ಬಾಯಿ ಮುಚ್ಚಸ್ರಿ ಗೌಡ್ರ" ಅಂದೆ. ಬಸನಗೌಡ ಅವಳನ್ನು ಗದರಿಸಿ ಕಳಿಸಿದ. ನಾನು ಅದೇ ಗುಂಡಿಯಲ್ಲಿ ಕಂಬ ನೆಟ್ಟಗೆ ಮಾಡಿ, ಅದರ ಮೇಲೆಯೇ ಇನ್ನೆರಡು ಪುಟ್ಟಿ ಸಿಮೆಂಟು ಸುರಿದೆ. ಹೊಸ ಗುಂಡಿ ತೋಡಿದರೆ ಹಳೆಯದು ಕೆಟ್ಟಿತ್ತು ಅಂತ ಒಪ್ಪಿದ ಹಾಗಾಗುತ್ತದಲ್ಲ.

ಬೇಲಿಯಿಂದ ಅವಳ ನೇರ ದಾರಿ ಮುಚ್ಚಿತು. ಹೊಳೆಗೆ ಹೋಗಬೇಕಾದರೆ ಈಗ ಊರು ಬಳಸಿ, ಯಾರದೋ ಹೊಲದ ಬದುವಿನ ಮೇಲೆ, ಕಲ್ಲು ಬೋರೆ ಹತ್ತಿ ಇಳಿಯಬೇಕಿತ್ತು. ಮೇ ತಿಂಗಳ ಬಿಸಿಲು. ನಮ್ಮ ರಾಯಚೂರು ಸೀಮೆಯ ಮೇ ತಿಂಗಳಲ್ಲಿ ನೆರಳೂ ಸುಡುತ್ತದೆ.

ಒಂದು ದಿನ ಹನ್ನೊಂದರ ಹೊತ್ತಿಗೆ ಮೋಟರ್ ಸೈಕಲ್ಲಿನಲ್ಲಿ ಬರುತ್ತಿದ್ದೆ. ಬೋರೆಯ ಕೆಳಗೆ ರಸ್ತೆಯ ಪಕ್ಕದಲ್ಲೇ ಮಾಳವ್ವ ಕೂತಿದ್ದಳು. ಚುಕ್ಕಿಯ ತಲೆ ಅವಳ ತೊಡೆಯ ಮೇಲಿತ್ತು. ಆಡಿನ ನಾಲಿಗೆ ಹೊರಗೆ ಬಂದು ಉಸುಕು ಹತ್ತಿತ್ತು. ಅವಳು ಸೆರಗಿನ ತುದಿ ಒದ್ದೆ ಮಾಡಿ ಅದರ ಬಾಯಿಗೆ ಹಿಂಡುತ್ತಿದ್ದಳು. ಉಳಿದ ಆಡುಗಳು ಸುತ್ತ ನಿಂತು ಅರಚುತ್ತಿದ್ದವು. ನನ್ನ ಚೀಲದಲ್ಲಿ ದೊಡ್ಡ ಬಾಟಲಿ ತುಂಬ ನೀರಿತ್ತು. ಗಾಡಿಯ ವೇಗ ಕಡಿಮೆ ಮಾಡಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ನೀರು ಕೇಳಲಿಲ್ಲ. ನಾನು ನಿಲ್ಲಿಸಲಿಲ್ಲ.

ಸಂಜೆ ಆ ಆಡನ್ನು ಹೊಳೆದಂಡೆಯಲ್ಲಿ ಹುಗಿದರು ಅಂತ ಚಹಾದ ಅಂಗಡಿಯಲ್ಲಿ ಕೇಳಿದೆ. ಹೊಟ್ಟೆಯಲ್ಲಿ ಎರಡು ಮರಿ ಇದ್ದವಂತೆ. ಆ ಶುಕ್ರವಾರ ಮಾನ್ವಿಗೆ ಹೋದಾಗ ಹೆಂಡತಿಯ ಮುಂದೆ ಎಲ್ಲ ಹೇಳಿದೆ, ಆಡಿನ ತಪ್ಪು ಎಂಬ ಹಾಗೆಯೇ ಹೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಒಂದೇ ಮಾತು ಕೇಳಿದಳು. "ತುಮೇ ಝೂಟ್ ಬೋಲೇ ನಾ?" ಸುಳ್ಳು ಹೇಳಿದಿರಿ ತಾನೇ, ಅಂತ. ಊಟ ಬಿಟ್ಟು ಎದ್ದುಹೋದೆ. ಹತ್ತು ವರ್ಷ ಒಲೆ ಹಂಚಿಕೊಂಡವಳಿಗೆ ನನ್ನ ಮುಖ ಓದಲು ಬರುತ್ತಿತ್ತು, ಅದೇ ನನಗೆ ಸಿಟ್ಟು.

ರೋಹಿಣಿ ಮಳೆಯ ಗಾಳಿ ಬಂದದ್ದು ಶಾಲೆ ಶುರುವಾಗಲು ಹನ್ನೊಂದು ದಿನ ಉಳಿದಾಗ. ಮಳೆ ನಾಲ್ಕೇ ಹನಿ, ಗಾಳಿ ಮಾತ್ರ ಮರಗಳನ್ನು ಹಿಡಿದು ಜಗ್ಗಿತು. ನಾನು ಹೋಗುವಷ್ಟರಲ್ಲಿ ಊರಿಗೆ ಊರೇ ಬೇಲಿಯ ಆಚೆ ಸೇರಿತ್ತು. ಕಂಬ ಈ ಸಲ ವಾಲಿರಲಿಲ್ಲ, ಅಡ್ಡಬಿದ್ದಿತ್ತು. ಬೇಲಿ ಎಲ್ಲೂ ಮುರಿದಿರಲಿಲ್ಲ. ಒಳಗೆ ಒಂದೇ ಒಂದು ಹಿಕ್ಕೆ ಇರಲಿಲ್ಲ.

ಮಾಳವ್ವ ಮುಳ್ಳು ಸರಿಸಿ ಒಳಗೆ ಬಂದಳು. ಬಾಗಿ, ಕಂಬದ ಬುಡಕ್ಕೆ ಕೈ ಹಾಕಿ ಎತ್ತಿದಳು. ಸಿಮೆಂಟಿನ ಗಡ್ಡೆ ಕಂಬದ ಜೊತೆಗೇ ಹೊರಗೆ ಬಂತು. ಸಣ್ಣದು, ನುಣ್ಣನೆಯದು, ಮೂಲಂಗಿಯ ಹಾಗೆ. ಉಗುರಿನಿಂದ ಕೆರೆದಳು. ಪುಡಿ ಉದುರಿತು.

"ಯಾವ ಆಡು ತಿಕ್ಕಿತ್ತೋ?" ಅಂದಳು. ಕೂಗಲಿಲ್ಲ. "ಹೇಳೋ. ಯಾವ ಆಡು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ತಪ್ಪು ನನ್ನದು ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಮೊದಲ ಆಡು ತಿಕ್ಕಿ ಸಡ್ಲ ಮಾಡಿದ್ವು, ಅದಕ್ಕ ಈಗ ಬಿದ್ದದ" ಅಂದೆ. ಯಾರೋ ಹಿಂದಿನಿಂದ ನಕ್ಕರು. ಬಸನಗೌಡ ಆಕಾಶ ನೋಡಿದ. ನನ್ನ ಮಾತನ್ನು ಯಾರೂ ನಂಬಲಿಲ್ಲ, ಆದರೆ ಯಾರೂ ಸುಳ್ಳು ಅನ್ನಲೂ ಇಲ್ಲ. ಸುಳ್ಳು ಅಂದಿದ್ದರೆ ಬೇಲಿ ಹಾಕಿಸಿದ ತಪ್ಪು ಅವರ ತಲೆಗೂ ಬರುತ್ತಿತ್ತು.

ಜನ ಚದುರಿದ ಮೇಲೆ ಹೆಡ್ ಮಾಸ್ತರು ಪಿಸುಗುಟ್ಟಿದರು. "ಖಾಸಿಂ, ಈಕಿ ಗಂಡ ಇದ್ದಾಗ ಹೊಳಿ ಉಸುಕಿನ ಮ್ಯಾಲ ಕುರಿ ಹಟ್ಟಿ ಹಾಕ್ತಿದ್ರು. ಎಂಥಾ ಗಾಳಿಗೂ ಆ ಜಾಳಿಗಿ ಕಿತ್ತಿದ್ದಿಲ್ಲ. ಒಂದು ಮಾತು ಕೇಳು." ಕುರಿಗಳನ್ನು ಒಂದೆಡೆ ಕೂಡಿಹಾಕಲು ಸುತ್ತ ಕಟ್ಟುವ ಬಲೆ ಆ ಜಾಳಿಗೆ. ಇನ್ನೂರು ಕುರಿ ಒಮ್ಮೆಲೇ ಬೆದರಿ ನುಗ್ಗಿದರೂ ತಡೆಯಬೇಕು. ಅದನ್ನು ಉಸುಕಿನಲ್ಲಿ ಹೇಗೆ ನಿಲ್ಲಿಸುತ್ತಿದ್ದರು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಅವಳ ಬಾಗಿಲಿಗೆ ಹೋದೆ. ನನ್ನ ಜೀವನದಲ್ಲಿ ಅಷ್ಟು ಭಾರವಾದ ಇಪ್ಪತ್ತು ಹೆಜ್ಜೆ ಇಟ್ಟಿಲ್ಲ.

"ಮೊದಲ ಮುಳ್ಳು ತಗಿ" ಅಂದಳು. "ಆಳು ಕರೀಬ್ಯಾಡ. ನೀನ ತಗಿ."

ತೆಗೆದೆ. ಒಂದು ದಿನ ಪೂರ್ತಿ ಬೇಕಾಯಿತು. ಅಂಗೈ ಜರಡಿಯಾಯಿತು. ಅವಳು ಬಾಗಿಲಲ್ಲಿ ಕೂತು ನೋಡಿದಳು. ಕೊನೆಯ ಮುಳ್ಳುಕಂಟಿ ಎಳೆದು ಹಾಕಿದಾಗ ಆಡುಗಳನ್ನು ಬಿಟ್ಟಳು. ಅವು ಬಯಲು ದಾಟಿ ನೇರ ಹೊಳೆಗೆ ಓಡಿದವು.

"ಈಗ ಹೇಳು, ಆಡಿನ ತಪ್ಪಲ್ಲಂತ" ಅಂದಳು.

"ಬೇಲಿ ತಗದೀನಲ್ಲ ಯವ್ವಾ, ಮತ್ತೇನು?"

ಅವಳು ಎದ್ದು ಕೋಲು ತೆಗೆದುಕೊಂಡು ಬಯಲಿಗೆ ನಡೆದಳು. ಮಕ್ಕಳ ಪಾಠ ಬರಲಿ ಅಂತಲೋ, ನನ್ನ ಪೀಡೆ ತೊಲಗಲಿ ಅಂತಲೋ ಗೊತ್ತಿಲ್ಲ. ಪ್ರೀತಿಯಿಂದಂತೂ ಅಲ್ಲ.

"ಉಸುಕಿನ್ಯಾಗ ಗೂಟ ಹೊಡದ್ರ ಕಿತ್ತು ಬರ್ತದ. ನಾವು ಗೂಟ ಹೊಡೀತಿದ್ದಿಲ್ಲ. ಕಲ್ಲಿಗೆ ಹಗ್ಗ ಕಟ್ಟಿ, ಆ ಕಲ್ಲ ಅಡ್ಡ ಮಲಗಿಸಿ ಹುಗೀತಿದ್ವಿ. ಮ್ಯಾಲಿನ ಉಸುಕೆಲ್ಲ ಅದರ ಮ್ಯಾಲ ಕುಂದರ್ತದ. ಯಾವ ಗಾಳಿ ಎತ್ತತದ ಅದನ್ನ? ಕುಣಿ ತಳದಾಗ ಅಗಲ ತೋಡು. ಬಾಯಿ ಸಣ್ಣದು ಮಾಡು, ಹೊಟ್ಟಿ ದೊಡ್ಡದು ಮಾಡು."

"ಅಂಚು ಕುಸೀತದಲ್ಲ."

"ನೀರು ಹೊಡಿ. ಹಸಿ ಇದ್ರ ನಿಂದರ್ತದ. ಅಷ್ಟೂ ತಿಳೀವಲ್ದೇನು ನಿನಗ?"

ದೇವದುರ್ಗಕ್ಕೆ ಹೋಗಿ ಪೈಪಿನ ಬುಡಕ್ಕೆ ಮೊಳದುದ್ದದ ಎರಡು ಕಬ್ಬಿಣದ ಸರಳು ಅಡ್ಡಡ್ಡ ಬೆಸೆಸಿ ತಂದೆ. ನಾಲ್ಕಡಿ ಆಳ, ಕೆಳಗೆ ಅಗಲ. ಸಿಮೆಂಟಿನ ನೀರು ಉಸುಕಿಗೆ ಹೋಗದ ಹಾಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹರಿದು ಒಳಗೆಲ್ಲ ಹಾಸಿದೆ, ಅದೊಂದು ಮಾತ್ರ ನನ್ನ ಬುದ್ಧಿ. ಸರಳಿನ ಮೇಲೆ ಹೇರಲು ಉದ್ದನೆಯ ಕಲ್ಲು ಬೇಕಿತ್ತು. ಅವಳು ಗುಡಿಸಲಿನ ಹಿಂದೆ ಬಿದ್ದಿದ್ದ, ಎರಡು ಹೋಳಾದ ಕಲ್ಲಿನ ದೋಣಿ ತೋರಿಸಿದಳು. ಆಡುಗಳಿಗೆ ಮುಸುರೆ ನೀರು ಇಡುತ್ತಿದ್ದ ದೋಣಿ.

"ಚುಕ್ಕಿ ಇದರಾಗ ಕುಡೀತಿತ್ತು" ಅಂದಳು, ಅಷ್ಟೇ.

ಇಬ್ಬರೂ ಸೇರಿ ಉರುಳಿಸಿಕೊಂಡು ತಂದು ಗುಂಡಿಗೆ ಇಳಿಸಿದೆವು, ಅಡ್ಡ ಮಲಗಿಸಿದೆವು. ಗುಂಡು ಕಟ್ಟಿದ ದಾರ ಹಿಡಿದು ನಾನು ಕಂಬ ನೆಟ್ಟಗಿದೆಯೇ ನೋಡಿದೆ, ಅವಳು ಕಂಬ ಹಿಡಿದು ನಿಂತಳು. ಖಡಿ ಸಿಮೆಂಟು ತುಂಬಿದೆ. ಏಳು ದಿನ ಅದರ ಮೇಲೆ ಒದ್ದೆ ಗೋಣಿ ಹಾಕಿ ನೀರುಣಿಸಿದೆ. ಅಷ್ಟೂ ದಿನ ನಾವಾಡಿದ ಮಾತುಗಳಲ್ಲಿ ಅರ್ಧ ಬೈಗುಳ. ನಾನು ಎಂಟನೆಯ ದಿನ ಡಿಶ್ ಏರಿಸಿದೆ. ರೋಹಿಣಿಯ ಬೆನ್ನಿಗೇ ಮಿರಗದ ಮಳೆಗಾಳಿ ಬೀಸಿತು, ಕಂಬ ಮಿಸುಕಲಿಲ್ಲ. ಶಾಲೆ ಶುರುವಾದ ದಿನ ಟಿವಿಯಲ್ಲಿ ಪಾಠ ಬಂತು. ಬಸನಗೌಡ ನನ್ನ ಕೊರಳಿಗೆ ಹಾರ ಹಾಕಿದ. ಮಾಳವ್ವ ಬಯಲಿನ ಆಚೆ ಆಡುಗಳ ನಡುವೆ ನಿಂತಿದ್ದಳು. ಆಗಲೂ ನಾನು ನಿಜ ಹೇಳಲಿಲ್ಲ.

ಇನ್ನೊಂದು ಹೇಳಬೇಕು. ಆಮೇಲೆ ಹೊಳೆದಂಡೆಯ ಊರುಗಳಲ್ಲೆಲ್ಲ ಹಾಗೆಯೇ ಕಂಬ ನಿಲ್ಲಿಸಿದೆ. ರಾಯಚೂರಿನಲ್ಲಿ ಹುಡುಗರು ಅದನ್ನು 'ಖಾಸಿಂ ಬುಡ' ಅಂತ ಕರೆದರು. ನಾನು ಬೇಡ ಅನ್ನಲಿಲ್ಲ. ಮಾಲಕರು ಮತ್ತೆ ನಗುತ್ತ ಕರೆದು ಮಾನ್ವಿಯ ಅಂಗಡಿಯನ್ನೇ ನನ್ನ ಕೈಗೆ ಕೊಟ್ಟರು.

ಹೋದ ತಿಂಗಳು ಡಿಶ್ ಬಿಚ್ಚುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಕಂಬಕ್ಕೆ ಸರಪಳಿ ಕಟ್ಟಿ ಒಂದು ಟ್ರ್ಯಾಕ್ಟರಿನಿಂದ ಎಳೆಸಿದೆ. ಗಾಲಿ ಉಸುಕಿನಲ್ಲಿ ತಿರುಗಿ ತಿರುಗಿ ಹೂತುಹೋಯಿತು, ಕಂಬ ಜಪ್ಪಯ್ಯ ಅನ್ನಲಿಲ್ಲ. ಜನ ಸೇರಿದರು. ಚಹಾದ ಅಂಗಡಿಯ ಬೆಂಚಿನ ಮೇಲೆ ಬಸನಗೌಡನೂ ಇದ್ದ, ಹಲ್ಲಿಲ್ಲದ ಬಾಯಿ, ಕೈಯಲ್ಲಿ ಊರುಗೋಲು. ಸರಪಳಿ ಬಿಚ್ಚಲು ಬಾಗಿದಾಗ ನೋಡಿದೆ. ಕಂಬದ ಮೇಲೆಲ್ಲ ತುಕ್ಕು, ಆದರೆ ನೆಲದಿಂದ ಎರಡು ಮೂರು ಅಡಿಯವರೆಗೆ, ಆಡಿನ ಬೆನ್ನಿನ ಎತ್ತರಕ್ಕೆ, ಸುತ್ತಲೂ ಕಬ್ಬಿಣ ಥಳಥಳ ಹೊಳೆಯುತ್ತಿತ್ತು. ಕೈಯಾಡಿಸಿದೆ. ಬೆಳ್ಳಿಯ ಕಡಗದಷ್ಟು ನುಣುಪು.

"ದಿನಾ ತಿಕ್ತಾವ" ಅಂತು ಹಿಂದಿನಿಂದ ಒಂದು ಧ್ವನಿ.

ಮಾಳವ್ವ. ಬೆನ್ನು ಬಾಗಿದೆ, ಭಂಡಾರ ಹಾಗೆಯೇ ಇದೆ. ಏಳೆಂಟು ಆಡು ಇದ್ದವು. ಅವುಗಳಲ್ಲೊಂದು ನನ್ನನ್ನು ಲೆಕ್ಕಿಸದ ಹಾಗೆ ಬಂದು ಕಂಬಕ್ಕೆ ಮೈ ಹಚ್ಚಿ ತಿಕ್ಕತೊಡಗಿತು.

"ಅಲುಗ್ತದೇನು ನೋಡು" ಅಂದಳು.

"ಇಲ್ಲ ಯವ್ವಾ."

"ಹನ್ನೆರಡು ವರ್ಷ ತಿಕ್ಯಾವ. ದಿನಾ ನೋಡ್ತೀನಿ. ದಿನಾ ನಿನ್ನ ಬೈತೀನಿ."

ನಾಚಿಕೆ ಅಂದರೆ ಬಿಸಿಯಾಗಿರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು, ಕಿವಿಯ ತುದಿಯವರೆಗೆ ಸುಟ್ಟಿತು. ರಾಯಚೂರಿನಿಂದ ಬಂದ ಕಾಗದ ಜೇಬಿನಲ್ಲಿತ್ತು, ಕೆಲಸದ ವರದಿ ಬರೆದು ವಾಪಸ್ಸು ಕಳಿಸಬೇಕಾದದ್ದು. ಶಾಲೆಯ ಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಅವಳು ಎದುರಿಗೇ ನಿಂತಳು.

"ಏನು ಬರದಿ? ನನಗ ಓದಾಕ ಬರಂಗಿಲ್ಲ. ಎಲ್ಲಾರಿಗೂ ಕೇಳಂಗ ಓದು."

ಎದ್ದು ನಿಂತು ಓದಿದೆ. 'ಕಂಬ ಬರುವುದಿಲ್ಲ. ಕಾರಣ, ಬುಡ ಗಟ್ಟಿ ಇದೆ. ಈ ಬುಡ ಹಾಕುವುದನ್ನು ತೋರಿಸಿಕೊಟ್ಟವರು ಇದೇ ಊರಿನ ಮಾಳವ್ವ. ಹಿಂದೆ ಕಂಬ ವಾಲಿದ್ದು ಆಡುಗಳಿಂದಲ್ಲ, ನನ್ನ ಕೆಲಸದ ತಪ್ಪಿನಿಂದ. ಆಗ ನಾನು ಸುಳ್ಳು ಬರೆದಿದ್ದೆ.'

ಬಸನಗೌಡ ಊರುಗೋಲಿನ ತುದಿಯಿಂದ ನೆಲ ಕೆದಕುತ್ತ ಕೂತ. ಈಗ ಅವಳು ಏನಾದರೂ ಒಂದು ಒಳ್ಳೆಯ ಮಾತು ಹೇಳಬಹುದು ಅಂತ ಕಾದೆ. ಐವತ್ತು ದಾಟಿದ ಮೇಲೂ ನನ್ನ ಆಸೆ ನೋಡಿ.

"ಚುಕ್ಕಿನ್ನ ಬರದಿ ಏನು?" ಅಂದಳು.

ಬರೆದಿರಲಿಲ್ಲ. ಕಾಗದದ ಕೆಳಗೆ 'ಇತರೆ' ಅಂತ ಇದ್ದು, ಎರಡು ಗೆರೆಯಷ್ಟು ಜಾಗ ಖಾಲಿ ಇತ್ತು. ಪೆನ್ನು ತೆಗೆದು ಅಲ್ಲಿ ಬರೆದೆ. 'ಚುಕ್ಕಿ, ಗಬ್ಬದ ಆಡು. ಹೊಟ್ಟೆಯಲ್ಲಿ ಎರಡು ಮರಿ. ನನ್ನ ಚೀಲದಲ್ಲಿ ನೀರಿತ್ತು.'

ಅದನ್ನೂ ಓದು ಅಂದಳು. ಓದಿದೆ.

ಅವಳು ಆಡುಗಳನ್ನು ಹೊಡೆದುಕೊಂಡು, ಕಂಬದ ಪಕ್ಕದಿಂದಲೇ ಬಯಲು ದಾಟಿ ಹೊಳೆಗೆ ಇಳಿದಳು.